ತೂತಿನ ಸೌಟು

ಅದು ಶಿಷ್ಯನು ಬರತೊಡಗಿದ ಏಳನೆಯ ವರ್ಷದ ಮಾಘ ಮಾಸ, ಕೊನೆಯ ಸೋಮವಾರ, ಬೆಳಿಗ್ಗೆ.

"ಗುರುಗಳೇ, ನೀವು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದೇನೆ. ಇನ್ನೇನಾದರೂ ಬಿಟ್ಟುಹೋಗಿದೆಯೇ?"

ಗುರುಗಳು ಜಗಲಿಯಲ್ಲಿ ಕುಳಿತಿದ್ದರು. ಅವರ ಕಾಲು ಸೋತು ಒಂಬತ್ತು ವರ್ಷವಾಗಿತ್ತು. ಅಲ್ಲಿಂದ ಅವರಿಗೆ ಕಾಣುತ್ತಿದ್ದದ್ದು ಒಂದು ಬೇವಿನ ಮರ, ಅರ್ಧ ಗೋಡೆ. ಶಿಷ್ಯನು ವಾರಕ್ಕೊಮ್ಮೆ ಹೊಳೆ ದಾಟಿ, ಒಂದು ಹರಿದಾರಿ ನಡೆದು ಬರುತ್ತಿದ್ದ. ಅವನು ನಮಸ್ಕರಿಸಿ ಕುಳಿತೊಡನೆ ಗುರುಗಳು "ದಾರಿಯಲ್ಲಿ ಏನು ಕಂಡೆ?" ಎನ್ನುತ್ತಿದ್ದರು. "ಏನೂ ಇಲ್ಲ, ಗುರುಗಳೇ" ಎಂದು ಅವನು ಪುಸ್ತಕ ಬಿಚ್ಚುತ್ತಿದ್ದ. ಆ ದಿನವೂ ಹಾಗೆಯೇ ಆಗಿತ್ತು.

ಬರೆದ ಪುಸ್ತಕಗಳು ಹನ್ನೊಂದಾಗಿದ್ದವು. ಪಕ್ಕದ ಪಟ್ಟಣದವರು ಪಾಠ ಹೇಳಲು ಅವನನ್ನು ಕರೆದಿದ್ದರು. ಗುರುಗಳು "ಆಯಿತು, ಹೋಗಿ ಬಾ" ಎಂದರೆ ಮರುದಿನವೇ ಹೊರಡುವುದೆಂದು ಅವನು ನಿಶ್ಚಯಿಸಿದ್ದ. ಆ ಒಂದು ಮಾತಿಗಾಗಿ ಕಾದ.

ಗುರುಗಳು ಪುಸ್ತಕದ ಗಂಟನ್ನು ಒಮ್ಮೆ ನೋಡಿದರು. "ಒಂದು ಕತೆ ಇದೆ. ಇದನ್ನು ಬರೆದುಕೊಳ್ಳಬೇಡ" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಹಳೆಯ ವಸ್ತುಗಳ ಸಂಗ್ರಹಾಲಯವಿತ್ತು. ದೊಡ್ಡದೇನಲ್ಲ, ಮೂರು ಕೋಣೆ. ಆ ಸೀಮೆಯ ಜನ ಬಳಸಿ ಬಿಟ್ಟದ್ದೆಲ್ಲ ಅಲ್ಲಿತ್ತು. ಬೀಗ, ಒರಳು, ತೂಕದ ಕಲ್ಲು, ತೊಟ್ಟಿಲು. ಬಂದವರಿಗೆ ಅವನ್ನು ತೋರಿಸಿ ಹೇಳಲು ಒಬ್ಬ ಮುದುಕನಿದ್ದ. ವಯಸ್ಸು ಎಪ್ಪತ್ತೆಂಟು. ದನಿ ಒಡೆಯತೊಡಗಿತ್ತು. ಇವನ ನಂತರ ಹೇಳುವವರು ಯಾರು ಎಂದು ಊರವರಿಗೆ ಚಿಂತೆಯಾಯಿತು. ವಿಜ್ಞಾನ ಓದಿ ಆಗಷ್ಟೇ ಪದವಿ ಮುಗಿಸಿದ್ದ ಒಬ್ಬ ತರುಣನನ್ನು ಕರೆಸಿದರು. ಮುದುಕ ಹೇಳುವುದನ್ನೆಲ್ಲ ಅವನು ಬರೆದುಕೊಳ್ಳಬೇಕು, ಪ್ರತಿ ವಸ್ತುವಿನ ಕೆಳಗೂ ಒಂದು ಚೀಟಿ ಅಂಟಿಸಬೇಕು. ಆಮೇಲೆ ಮುದುಕ ಮನೆಯಲ್ಲಿ ವಿಶ್ರಾಂತಿ ಪಡೆಯಬಹುದು.

"ಅಜ್ಜ, ದಿನವೂ ಹೇಳುವಂತೆಯೇ ಹೇಳುತ್ತಾ ಹೋಗಿ. ನಾನು ಹಿಂದೆ ಇರುತ್ತೇನೆ" ಎಂದ ತರುಣ.

"ಹಿಂದೆ ಇದ್ದರೆ ನನ್ನ ಬೆನ್ನು ಕಾಣುತ್ತದೆ, ತಮ್ಮಾ. ಪಕ್ಕಕ್ಕೆ ಬಾ" ಎಂದ ಮುದುಕ.

ತರುಣ ಕ್ರಮ ತಪ್ಪುವವನಲ್ಲ. ಮೊದಲ ವಾರ ಎಲ್ಲ ವಸ್ತುಗಳನ್ನೂ ಅಳೆದು ತೂಗಿದ. ಆಮೇಲೆ ಇಪ್ಪತ್ತಾರು ದಿನ ಮುದುಕನ ಪಕ್ಕದಲ್ಲಿ ನಡೆದ. ಒಂದೇ ಮಾತನ್ನು ಇಪ್ಪತ್ತಾರು ಸಲ ಆಲಿಸಿ, ವ್ಯತ್ಯಾಸವಾದಲ್ಲಿ ಕೆಂಪು ಗೆರೆ ಎಳೆದ. ಕೆಂಪು ಗೆರೆಗಳು ತೀರ ಕಡಿಮೆ ಇದ್ದವು. ಮುದುಕನ ನೆನಪು ಗಟ್ಟಿಯಾಗಿತ್ತು.

ತೂಕದ ಕಲ್ಲಿನ ಮುಂದೆ ಮುದುಕ ದಿನವೂ ನಿಲ್ಲುತ್ತಿದ್ದ. "ಈ ಕಲ್ಲು ಎರಡು ತೊಲ ಕಡಿಮೆ. ವ್ಯಾಪಾರಿಯ ಹತ್ತಿರ ಇಂಥವು ಎರಡು ಇದ್ದವು, ಕೊಳ್ಳಲು ಒಂದು, ಮಾರಲು ಒಂದು. ಇದು ಯಾವುದು, ಹೇಳಿ ನೋಡೋಣ?" ಯಾರಾದರೂ ಥಟ್ಟನೆ "ಮಾರುವ ಕಲ್ಲು" ಎಂದರೆ, "ಓಹೋ, ತಮ್ಮದೂ ಅಂಗಡಿ ಇದೆಯೇ?" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ತರುಣ ಬರೆದ: ತೂಕದ ಕಲ್ಲು, ಎರಡು ತೊಲ ಕಡಿಮೆ.

ಇನ್ನೂರ ಹದಿನಾಲ್ಕನೆಯ ವಸ್ತು ಒಂದು ಮರದ ಸೌಟು. ಅದರ ನಡುವೆ ಹೆಬ್ಬೆರಳು ತೂರುವಷ್ಟು ತೂತು. ಸವೆದು ಆದ ತೂತಲ್ಲ. ಬೇಕೆಂದೇ ಕೊರೆದು, ಅಂಚನ್ನು ಉಜ್ಜಿ ನಯ ಮಾಡಿದ್ದು. ಅದರಿಂದ ಸಾರನ್ನೂ ಬಡಿಸಲಾಗದು, ಅನ್ನವನ್ನೂ ಬಡಿಸಲಾಗದು.

"ಇದು ಹೊಂಗೆಗುಡ್ಡದ್ದು" ಎನ್ನುತ್ತಿದ್ದ ಮುದುಕ. "ಒಂದು ಜ್ವರದ ವರ್ಷ ಆ ಊರು ಖಾಲಿಯಾಯಿತು. ಉಳಿದವರು ಚದುರಿದರು. ಈಗ ಅಲ್ಲಿ ಯಾರೂ ಇಲ್ಲ. ಇದು ಯಾತಕ್ಕೆಂದು ನನಗೆ ಗೊತ್ತಿಲ್ಲ."

ಅಷ್ಟು ಹೇಳಿ ಅವನು ಮುಂದಿನ ವಸ್ತುವಿಗೆ ಹೋಗುತ್ತಿರಲಿಲ್ಲ. ಬಂದವರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಿದ್ದ. "ತಮ್ಮದು ಯಾವ ಊರು? ತಾಯಿಯ ತವರು ಯಾವುದು? ಅಜ್ಜಿಯ ತವರು?" ಕೆಲವರು ನೆನಪಿಸಿಕೊಂಡು ಹೇಳುತ್ತಿದ್ದರು. ಕೆಲವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಒಮ್ಮೆ ಒಬ್ಬ ಶಾಲಾ ಮಾಸ್ತರು, "ಏನಜ್ಜ, ತವರೆಲ್ಲ ವಿಚಾರಿಸುತ್ತಿದ್ದೀರಿ, ಹೆಣ್ಣು ನೋಡಲು ಹೊರಟಿದ್ದೀರಾ?" ಎಂದರು.

"ನನಗಲ್ಲ ಮಾಸ್ತರೇ, ಈ ಸೌಟಿಗೆ" ಎಂದ ಮುದುಕ.

ಆ ಹೊತ್ತಿನಲ್ಲಿ ತರುಣ ಪೆನ್ನು ಮುಚ್ಚಿಡುತ್ತಿದ್ದ. ಊರು, ತವರು ಎಂಬುದು ಬಂದವರೊಡನೆ ಆಡುವ ಮಾತು, ವಸ್ತುವಿನ ಮಾಹಿತಿಯಲ್ಲ. ಇಪ್ಪತ್ತಾರು ದಿನವೂ ಅವನು ಅದನ್ನು ಬರೆಯಲಿಲ್ಲ.

ಚೀಟಿಗಳು ಸಿದ್ಧವಾದವು. ಕೊನೆಯ ದಿನ ಮುದುಕ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಓದಿದ. ಎಲ್ಲಿಯೂ ತಪ್ಪಿರಲಿಲ್ಲ. ಸೌಟಿನ ಮುಂದೆ ನಿಂತ. 'ಮರದ ಸೌಟು. ಉದ್ದ ಹನ್ನೊಂದು ಅಂಗುಲ. ನಡುವೆ ತೂತು, ಒಂದು ಅಂಗುಲ. ಊರು ಹೊಂಗೆಗುಡ್ಡ. ಉಪಯೋಗ ತಿಳಿದಿಲ್ಲ.'

"ಎಲ್ಲ ಸರಿ ಇದೆ, ತಮ್ಮಾ. ಆದರೆ ಇಲ್ಲಿ ನಿಂತವರನ್ನು ಯಾರಾದರೂ ವಿಚಾರಿಸುತ್ತಿರಬೇಕಲ್ಲ."

"ವಿಚಾರಿಸುವುದು ಏನಿದೆ, ಅಜ್ಜ? ತಿಳಿದದ್ದೆಲ್ಲ ಚೀಟಿಯಲ್ಲಿದೆ."

ಮುದುಕ ಗಾಜಿನ ಮೇಲಿದ್ದ ದೂಳನ್ನು ಹೆಗಲ ವಸ್ತ್ರದಿಂದ ಒರೆಸಿ ಮನೆಗೆ ಹೋದ.

ಎಂಟು ತಿಂಗಳು ಕಳೆಯಿತು. ಮೊದಲು ಮೂರು ಕೋಣೆ ನೋಡಲು ಒಂದೂವರೆ ಗಂಟೆ ಹಿಡಿಯುತ್ತಿತ್ತು. ಈಗ ಕಾಲು ಗಂಟೆ ಸಾಕಾಗುತ್ತಿತ್ತು. ಬರುವವರು ಹೆಚ್ಚಿದ್ದರು. ತರುಣನಿಗೆ ಸಮಾಧಾನವಾಗಿತ್ತು. ತಿಂಗಳಿಗೊಮ್ಮೆ ಬಂದು ಚೀಟಿಗಳು ಸರಿಯಾಗಿವೆಯೇ ಎಂದು ನೋಡಿ ಹೋಗುತ್ತಿದ್ದ.

ಹಾಗೆ ಬಂದಾಗ ಒಂದು ದಿನ ಕಾವಲುಗಾರ ಹೇಳಿದ.

"ಮೊನ್ನೆ ಒಬ್ಬ ಮುದುಕಿ ಬಂದಿದ್ದಳು ಸ್ವಾಮಿ. ಆ ತೂತಿನ ಸೌಟಿನ ಮುಂದೆ ನಿಂತು, 'ಅಯ್ಯೋ, ಇದು ನಮ್ಮ ಹೊಂಗೆಗುಡ್ಡದ್ದು' ಅಂದಳು. ಓದಲು ಬಾರದು, ಏನು ಬರೆದಿದೆ ಅಂದಳು. ಓದಿ ಹೇಳಿದೆ. 'ಉಪಯೋಗ ತಿಳಿದಿಲ್ಲವೇ!' ಎಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು."

"ಆಮೇಲೆ?"

"ಇಲ್ಲಿ ಮಾತಾಡುವವರು ಯಾರೂ ಇಲ್ಲವೇ ಅಂದಳು. ಎಲ್ಲ ಚೀಟಿಯಲ್ಲೇ ಇದೆ ಅಜ್ಜಿ ಅಂದೆ. ಆ ಬೆಂಚಿನ ಮೇಲೆ ಅರ್ಧ ಗಂಟೆ ಕೂತಿದ್ದಳು. ಆಮೇಲೆ ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಹೋದಳು."

"ಅದು ಯಾತಕ್ಕೆಂದು ನೀನು ಕೇಳಲಿಲ್ಲವೇ?"

"ಕೇಳುವುದು ನನ್ನ ಕೆಲಸವೇ ಸ್ವಾಮಿ? ನಾನು ಬಾಗಿಲು ಕಾಯುವವನು."

ತರುಣ ಭೇಟಿಯ ಪುಸ್ತಕ ತೆಗೆದು ನೋಡಿದ. ಅದರಲ್ಲಿ ಹೆಸರಿರಲಿಲ್ಲ, ಊರಿರಲಿಲ್ಲ. ಲೆಕ್ಕಕ್ಕೆ ಸುಲಭವಾಗಲೆಂದು ಆ ಅಂಕಣಗಳನ್ನು ಅವನೇ ತೆಗೆಸಿದ್ದ. ಆ ದಿನ ಬಂದವರು ಮೂವತ್ತೇಳು ಎಂದಷ್ಟೇ ಇತ್ತು.

ಅವನು ಮುದುಕನ ಮನೆಗೆ ಹೋದ. ನಡೆದದ್ದನ್ನು ಒಂದನ್ನೂ ಬಿಡದೆ ಹೇಳಿದ. ಮುದುಕ ಕನ್ನಡಕ ತೆಗೆದು ಪಕ್ಕಕ್ಕಿಟ್ಟ. ಆಮೇಲೆ ಕೇಳಿದ.

"ಸೆರಗು ಅಡ್ಡ ಹಿಡಿದು ನಕ್ಕಳೇ?"

"ಹೌದಂತೆ."

"ನನ್ನವಳೂ ಹಾಗೆಯೇ ನಗುತ್ತಿದ್ದಳು."

ಮುದುಕ ಹೇಳಿದ ಮೇಲೆ ತರುಣನಿಗೆ ತಿಳಿಯಿತು. ಸೌಟು ಮುದುಕನ ಮನೆಯದು. ಅವನ ಹೆಂಡತಿ ಹೊಂಗೆಗುಡ್ಡದ ಮಗಳು. ಮದುವೆಯಾಗಿ ಬರುವಾಗ ಅದನ್ನು ತಂದು ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದಳು. ಒಂದು ದಿನವೂ ಬಳಸಲಿಲ್ಲ.

"ಒಮ್ಮೆ ಕೇಳಿದ್ದೆ, ಇದು ಯಾತಕ್ಕೆ ಅಂತ. ನಕ್ಕಳು. 'ಅದು ದೊಡ್ಡ ಕತೆ, ಕೂತರೆ ಹೇಳುತ್ತೇನೆ' ಅಂದಳು. ನನಗೆ ಕೆಲಸಕ್ಕೆ ಹೊತ್ತಾಗಿತ್ತು. ಜನ ಕಾಯುತ್ತಿದ್ದರು. ಅವರಿಗೆಲ್ಲ ನಾನು ಕತೆ ಹೇಳಬೇಕಿತ್ತು."

"ಆಮೇಲೆ ಕೇಳಬಹುದಿತ್ತಲ್ಲ, ಅಜ್ಜ?"

"ಕೇಳಬಹುದಿತ್ತು. ಮೂವತ್ತೊಂದು ವರ್ಷ ಕೇಳಬಹುದಿತ್ತು."

ತರುಣ ಬಸ್ಸು ಹೋಗುವ ದಾರಿಯ ಊರುಗಳಿಗೆಲ್ಲ ಹೋಗಿ ವಿಚಾರಿಸಿದ. ಹೊಂಗೆಗುಡ್ಡದ ಮುದುಕಿ ಯಾವ ಊರಿನಲ್ಲಿಯೂ ಸಿಗಲಿಲ್ಲ. ಆಗಿನಿಂದ ಅವನು ಪ್ರತಿ ಭಾನುವಾರ ಸಂಗ್ರಹಾಲಯಕ್ಕೆ ಹೋಗುತ್ತಾನೆ. ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ ಇನ್ನೂರ ಹದಿನಾಲ್ಕನೆಯ ವಸ್ತುವಿನ ಪಕ್ಕದಲ್ಲಿ ನಿಲ್ಲುತ್ತಾನೆ. ಬಂದವರನ್ನು ತಾಯಿಯ ತವರು ಯಾವುದು ಎಂದು ಕೇಳುತ್ತಾನೆ. ಮದುವೆಯ ವಯಸ್ಸಿನವನಾದ್ದರಿಂದ ಜನ ನಗುತ್ತಾರೆ. "ಏನಪ್ಪ, ಹೆಣ್ಣು ನೋಡುತ್ತಿದ್ದೀಯಾ?" ಎನ್ನುತ್ತಾರೆ.

"ನನಗಲ್ಲ, ಈ ಸೌಟಿಗೆ" ಎನ್ನುತ್ತಾನೆ.

ಸಂಜೆ ಮುದುಕನ ಮನೆಗೆ ಹೋಗಿ, ಆ ದಿನ ಯಾವ ಯಾವ ಊರಿನವರು ಬಂದಿದ್ದರು ಎಂದು ಹೇಳುತ್ತಾನೆ. ಮುದುಕ ಒಂದೊಂದು ಹೆಸರನ್ನೂ ಆಲಿಸುತ್ತಾನೆ. ಕೊನೆಯ ಹೆಸರಾದ ಮೇಲೆ, "ಮುಂದಿನ ವಾರ ನೋಡೋಣ" ಎನ್ನುತ್ತಾನೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನು ಕೇಳಿದ. "ಆ ಸೌಟು ಯಾತಕ್ಕೆಂದು ಕೊನೆಗಾದರೂ ತಿಳಿಯಿತೇ?"

"ಇಲ್ಲ."

ಶಿಷ್ಯನು ಗಂಟಿನ ಮೇಲೆ ಕೈಯಿಟ್ಟ. ಹನ್ನೊಂದು ಪುಸ್ತಕಗಳ ಒಂದೊಂದು ಪುಟವೂ ಅವನಿಗೆ ಕಂಠಪಾಠವಾಗಿತ್ತು. ಹೊರಡುವ ಅಪ್ಪಣೆ ಇನ್ನೂ ಸಿಕ್ಕಿರಲಿಲ್ಲ.

"ಹಾಗಾದರೆ ನಾನು ಬಿಟ್ಟದ್ದು ಏನು, ಗುರುಗಳೇ?"

ಗುರುಗಳು ಗೋಡೆಯ ಕಡೆ ನೋಡುತ್ತಿದ್ದರು. ದಾರಿ ಇದ್ದದ್ದು ಗೋಡೆಯ ಆಚೆ. ಅವರು ಹೇಳಿದ್ದು ಒಂದೇ ಮಾತು.

"ದಾರಿಯಲ್ಲಿ ಏನು ಕಂಡೆ ಎಂದು ನಾನು ನಿನ್ನನ್ನು ಕೇಳಿದ್ದು, ಇಂದಿಗೆ, ಮುನ್ನೂರ ನಲವತ್ತೊಂದು ಸಲ."