ಅಣ್ಣನ ಫೋಲ್ಡರ್ ಕೂತ ಜಾಗ

“ಗುರುಗಳೇ, ನನ್ನದು ಅನ್ನುವ ಬರವಣಿಗೆ ಎಲ್ಲಿ ಹೋಯಿತು?” ಎಂದು ಇಂದುಧರ ಕೇಳಿದ.

ಅಕ್ಷರ ಬರೆಯುವ ಕಲೆಯನ್ನು ಅವನು ಶಾಂತವೀರಯ್ಯನವರಲ್ಲಿ ಕಲಿಯುತ್ತಿದ್ದ. ಆ ವಾರ ಒಂದು ಪುಸ್ತಕದ ಮುಖಪುಟಕ್ಕೆ ಹೆಸರು ಬರೆದುಕೊಟ್ಟಿದ್ದ. ನೋಡಿದವರೆಲ್ಲ ಅದು ಗುರುಗಳ ಕೈಬರಹವೇ ಎಂದು ಹೊಗಳಿದ್ದರು. ಇಲ್ಲಿಗೆ ಬರುವ ಮೊದಲು ಅವನು ಬರೆಯುತ್ತಿದ್ದ ಅಕ್ಷರಗಳಿಗೆ ಒಂದು ಬೇರೆಯೇ ಬಳುಕು ಇತ್ತು. ಅದು ಸತ್ತೇಹೋಯಿತೇ ಎಂದು ಅವನಿಗೆ ಹೆದರಿಕೆಯಾಗಿತ್ತು.

ಶಾಂತವೀರಯ್ಯನವರು ಲೇಖನಿ ತೊಳೆಯುತ್ತಲೇ ಒಂದು ಕತೆ ಹೇಳಿದರು.

ಒಬ್ಬ ಸೀರೆಯ ನಕ್ಷೆಗಾರನಿದ್ದ. ಅವನ ಅಣ್ಣನೂ ನಕ್ಷೆಗಾರನೇ. ಇಬ್ಬರಿಗೂ ಒಂದೊಂದು ಕಂಪ್ಯೂಟರ್, ಎರಡನ್ನೂ ನಡೆಸುವ ತಂತ್ರಾಂಶ ಲಿನಕ್ಸ್. ಅಣ್ಣನ ಸೆರಗಿನ ನಕ್ಷೆಗಳು ತನಗೂ ಸಿಗಲಿ ಎಂದು ತಮ್ಮ ಆಸೆಪಟ್ಟ. ಅಣ್ಣ ಎರಡಕ್ಕೂ ನಡುವೆ ತಂತಿ ಎಳೆದು, ತನ್ನ ನಕ್ಷೆಗಳ ಫೋಲ್ಡರನ್ನು ತಮ್ಮನ ಕಂಪ್ಯೂಟರಿಗೆ ತೆರೆದಿಟ್ಟ. ತಮ್ಮನ ಮೇಲಿನ ಅಕ್ಕರೆಗೆ, ನೋಡುವುದರ ಜೊತೆಗೆ ತಿದ್ದುವ, ಅಳಿಸುವ ಅಧಿಕಾರವನ್ನೂ ಕೊಟ್ಟುಬಿಟ್ಟ.

ಲಿನಕ್ಸಿನಲ್ಲಿ ಹಾಗೆ ಬಂದ ಫೋಲ್ಡರು ಈ ಕಡೆಯ ಯಾವುದಾದರೊಂದು ಫೋಲ್ಡರಿನ ಮೇಲೆ ಕೂರಬೇಕು. ಬಲ್ಲವರು ಅದಕ್ಕೆಂದೇ ಒಂದು ಖಾಲಿ ಫೋಲ್ಡರ್ ಮಾಡಿಡುತ್ತಾರೆ. ತಮ್ಮನಿಗೆ ಅಷ್ಟು ತಾಳ್ಮೆ ಎಲ್ಲಿ? ಇಬ್ಬರದೂ ಒಂದೇ ಕಡೆ ಕಲೆತು ಸಿಗುತ್ತದೆ ಎಂದುಕೊಂಡು, ತನ್ನ ನಕ್ಷೆಗಳಿದ್ದ ಫೋಲ್ಡರಿನ ಮೇಲೆಯೇ ಅಣ್ಣನದನ್ನು ಕೂರಿಸಿದ. ಕಂಪ್ಯೂಟರ್ ತಕರಾರು ಮಾಡಲಿಲ್ಲ.

ತೆರೆದು ನೋಡಿದರೆ ಎಲ್ಲವೂ ಅಣ್ಣನವು. ತಾನು ಹಗಲಿರುಳು ಕೂತು ಬರೆದ ನಕ್ಷೆಗಳಲ್ಲಿ ಒಂದೂ ಇಲ್ಲ. ಅಣ್ಣನವು ಬಂದು ತನ್ನವನ್ನು ನುಂಗಿಹಾಕಿದವು ಎಂದೇ ಅವನು ನಂಬಿದ. ಸಿಟ್ಟು ನೆತ್ತಿಗೇರಿತು. ಇವನ್ನೆಲ್ಲ ಅಳಿಸಿದರೆ ತನ್ನವು ಹೊರಗೆ ಬಂದಾವು ಎಂದು ಅಳಿಸುವ ಆಜ್ಞೆಯನ್ನು ಬರೆದ. ಇನ್ನು ಕೀಲಿ ಒತ್ತುವುದಷ್ಟೇ ಬಾಕಿ. ಹಿಂದೆ ನಿಂತಿದ್ದ ಅಣ್ಣ ಅವನ ಕೈ ಹಿಡಿದ.

“ತಡಿಯೋ ತಮ್ಮಾ. ಅಳಿಸಿದ್ರ ನಂದು ಹೋಗ್ತೈತಿ, ನಿಂದೇನ್ ಬರೂದಿಲ್ಲ.”

“ಮತ್ತ ನಂದು ಎಲ್ಲೈತಿ?”

“ಇದ್ದಲ್ಲೇ ಐತಿ. ಮದಲ ನಂದು ಕೆಳಗಿಳಸು.”

ತಮ್ಮ ಅಣ್ಣನ ಫೋಲ್ಡರನ್ನು ಇಳಿಸಿದ. ಅವನ ನಕ್ಷೆಗಳು ಅದರ ಅಡಿಯಲ್ಲೇ ಇದ್ದವು. ಒಂದು ಗೆರೆಯೂ ಮಾಸಿರಲಿಲ್ಲ. ಅವನು ಅಣ್ಣನ ಮುಖ ನೋಡಲಾರದೆ ಅತ್ತುಬಿಟ್ಟ.

ಕತೆ ಮುಗಿಯಿತು. ಇಂದುಧರನಿಗೆ ಜೀವ ಹಗುರವಾಯಿತು. ತನ್ನದು ಹೋಗಿಲ್ಲ, ಇದ್ದಲ್ಲೇ ಇದೆ. ಅವನು ಹುರುಪಿನಿಂದ ಕೇಳಿದ: “ಹಾಗಾದರೆ ನಿಮ್ಮ ಪಾಠಕ್ಕೂ ಬೇರೆ ಒಂದು ಜಾಗ ಮಾಡಿಕೊಳ್ಳುತ್ತೇನೆ, ಗುರುಗಳೇ. ನಾಳೆ ಎಷ್ಟು ಹೊತ್ತಿಗೆ ಬರಲಿ?”

ಶಾಂತವೀರಯ್ಯನವರು ತೊಳೆದ ಲೇಖನಿಯನ್ನು ಅವನ ಕೈಗಿಟ್ಟು, “ಮೊದಲು ನನ್ನದನ್ನು ಕೆಳಗಿಳಿಸು. ನಾಳೆಯಿಂದ ಬರಬೇಡ” ಎಂದರು.

ಇಂದುಧರ ಲೇಖನಿ ಹಿಡಿದು ಮನೆಗೆ ನಡೆದ.