ಯಾರೂ ಸೋಲದ ಸಾಲಿ

ಹೊಳೆಯ ದಂಡೆಯ ಮೇಲೊಂದು ಮಠ, ಮಠದೊಳಗೊಂದು ಸಾಲಿ, ಅಂದರೆ ಶಾಲೆ. ಊರಿನ ಏಳು ಕೇರಿಗಳವರೂ ಕಲ್ಲು ಹೊತ್ತು, ಮಣ್ಣು ಕಲಸಿ ಕಟ್ಟಿದ್ದು. ಹಾಗಾಗಿ ಯಾವ ಕೇರಿಯವರು ಬಂದು ಕೂತರೂ ಅಲ್ಲಿ ಕಲಿಸಬೇಕು.

ಕಲಿಯಲು ಬಂದವರಿಗೂ ಒಂದು ಕಟ್ಟುಪಾಡಿತ್ತು. ದಿನಕ್ಕೊಂದು ಕೇರಿಯಲ್ಲಿ ಉಣ್ಣಬೇಕು. ಸೋಮವಾರ ನೇಕಾರರ ಕೇರಿ, ಮಂಗಳವಾರ ಕುಂಬಾರರ ಕೇರಿ, ಹೀಗೆ ವಾರ ತುಂಬುವುದರೊಳಗೆ ಏಳೂ ಕೇರಿಯ ಅನ್ನ ಹೊಟ್ಟೆಗೆ ಬಿದ್ದಿರಬೇಕು. ದೇಸಾಯರ ಮನೆಯ ಹುಡುಗನೂ ಸಮಗಾರರ ಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರಲೇಬೇಕು. ಮೂಗು ಮುರಿದವರನ್ನು ಗುರು ನಿರುಪಾದಜ್ಜ ಮರುದಿನವೂ ಅದೇ ಮನೆಗೆ ಕಳಿಸುತ್ತಿದ್ದರು.

ಅಜ್ಜನಿಗೆ ವಯಸ್ಸಾಗಿತ್ತು. ಅವರ ಸಿಟ್ಟಿಗೆ ಮಾತ್ರ ಆಗಿರಲಿಲ್ಲ.

ಪಾಠ ಹೇಳುವ ಕೆಲಸವನ್ನು ಹಿರಿಯ ಶಿಷ್ಯ ಅಡಿವೆಪ್ಪನಿಗೆ ಒಪ್ಪಿಸಿ ಒಂದು ವರ್ಷವಾಗಿತ್ತು. ಅಡಿವೆಪ್ಪ ನೇಕಾರರ ಮನೆಯವನು, ಬಲು ಚುರುಕು. ಒಮ್ಮೆ ಕೇಳಿದ್ದನ್ನು ಇನ್ನೊಮ್ಮೆ ಹೇಳಿಸಿಕೊಂಡವನೇ ಅಲ್ಲ. ಅವನ ಕಷ್ಟವೂ ಅದೇ ಆಗಿತ್ತು, ಆದರೆ ಅದು ಅವನಿಗೆ ಗೊತ್ತಿರಲಿಲ್ಲ.

ವರ್ಷದ ಕೊನೆಗೆ ಪರೀಕ್ಷೆ. ಏಳು ಕೇರಿಯ ಜನ ಮಠದ ಅಂಗಳದಲ್ಲಿ ಸೇರುತ್ತಾರೆ. ಒಬ್ಬೊಬ್ಬರೇ ಎದ್ದು, ಪಾಠ ಹೇಳಿಕೊಟ್ಟವರ ಮಗ್ಗುಲಲ್ಲಿ ನಿಂತು ಹದಿನೆಂಟು ಸಾಲಿನ ತತ್ವಪದವೊಂದನ್ನು ಹೇಳಿ ಅರ್ಥ ಬಿಡಿಸಬೇಕು.

ಆ ಬುಧವಾರ ಹನ್ನೊಂದು ಮಂದಿ ನಿಂತರು. ಹನ್ನೊಂದು ಮಂದಿಯೂ ನೀರು ಕುಡಿದಷ್ಟು ಸಲೀಸಾಗಿ ಹೇಳಿ ಮುಗಿಸಿದರು.

ಊರ ಹಿರಿಯ ದೇಸಾಯರು ಹಿಗ್ಗಿ ಹೀರೇಕಾಯಿಯಾದರು. "ಪ್ರತಿ ವರ್ಷ ಇಬ್ಬರೋ ಮೂವರೋ ಸೋಲ್ತಿದ್ರು. ಈ ವರ್ಷ ಒಬ್ಬರೂ ಸೋತಿಲ್ಲ ನೋಡ್ರಿ! ಬರೂ ಸೋಮವಾರ ಇದೇ ಅಂಗಳದಾಗ ನಮ್ಮ ಅಡಿವೆಪ್ಪಗ ಶಾಲು ಹೊದಿಸೂಣು."

ಅಡಿವೆಪ್ಪ ಓರೆಗಣ್ಣಿನಿಂದ ಗುರುವಿನ ಕಡೆ ನೋಡಿದ. ಅಜ್ಜನ ಹುಬ್ಬು ಗಂಟಿಕ್ಕಿದ್ದವು.

ಜನ ಕರಗಿದ ಮೇಲೆ ಅಜ್ಜ ಕೇಳಿದರು: "ಹುಲಿಗಿ ಎಲ್ಲಿ?"

ಹುಲಿಗಿ ಎಂದರೆ ಹುಲಿಗೆವ್ವ, ದೋಣಿ ನಡೆಸುವ ಅಂಬಿಗರ ಯಂಕವ್ವನ ಮಗಳು. ಸಾಲಿಯಲ್ಲಿ ಹನ್ನೆರಡನೆಯವಳು.

"ಮನಿಗೆ ಕಳಿಸೇನ್ರಿ ಅಜ್ಜಾರ. ಹದಿನೈದು ದಿನ ಆತು."

"ಯಾಕ?"

"ಅಕಿಗೆ ಪದ ಬರೂದಿಲ್ರಿ. ನಾಕನೇ ಸಾಲಿಗೆ ನಿಂತುಬಿಡ್ತಾಳ. ಎಲ್ಲಾರ ಮುಂದ ಸೋಲ್ತಿದ್ದಳು."

"ಸೋತಿದ್ರ?"

"ಸಾಲಿ ಹೆಸರು ಕೆಡ್ತಿತ್ತು."

"ಸಾಲಿ ಹೆಸರೋ, ನಿನ್ನ ಹೆಸರೋ?"

ಅಜ್ಜ ಉತ್ತರಕ್ಕೆ ಕಾಯದೆ ಮುಂದುವರಿದರು.

"ಎಷ್ಟು ಸಲ ಹೇಳಿಕೊಟ್ಟಿ?"

"ಎಲ್ಲಾರಿಗೂ ಹೇಳಿದಂಗ ಎರಡು ಸಲ ಹೇಳೇನ್ರಿ. ಅಕಿಗೆ ಹತ್ತು ಸಲ ಬೇಕಾಗ್ತದ."

"ಹತ್ತು ಸಲ ಹೇಳಬೇಕಿತ್ತು. ಬ್ಯಾರೆ ಏನು ಕೆಲಸ ಇತ್ತು ನಿನಗ?"

ಅಡಿವೆಪ್ಪನಿಗೂ ರೇಗಿತು. ವರ್ಷವಿಡೀ ಗಂಟಲು ಹರಿದುಕೊಂಡವನು ತಾನು. "ಹನ್ನೊಂದು ಮಂದಿ ಅಕಿ ಸಲುವಾಗಿ ಕಾಯಬೇಕೇನ್ರಿ? ಬರೇ ಒಬ್ಬಾಕಿ ಸಲುವಾಗಿ?"

ಆ 'ಬರೇ' ಕೇಳಿದ್ದೇ ತಡ, ಅಜ್ಜ ಪಕ್ಕದಲ್ಲಿದ್ದ ತಾಮ್ರದ ತಂಬಿಗೆ ಎತ್ತಿ ಅಂಗಳಕ್ಕೆ ಬೀಸಿ ಒಗೆದರು. ನೀರೆಲ್ಲ ಚೆಲ್ಲಿತು.

"ಈಜು ಬರೂ ಮಂದಿನ್ನಷ್ಟೇ ದೋಣಿಗೆ ಹತ್ತಿಸಿಕೊಂಡು, ಯಾರೂ ಮುಳುಗಲಿಲ್ಲ ಅಂತ ಡಂಗುರ ಹೊಡಿಸ್ತೀಯಲ್ಲೋ! ನಾಚಿಕಿ ಬರೂದಿಲ್ಲೇನು?"

ಅಡಿವೆಪ್ಪ ತಂಬಿಗೆ ಎತ್ತಿ ತಂದಿಟ್ಟ.

"ನಾಳೆ ಗುರುವಾರ. ಯಾರ ಕೇರಿ ಊಟ?"

"ಅಂಬಿಗರ ಕೇರಿ."

"ಯಂಕವ್ವನ ಮನಿಗೆ ನೀನೇ ಹೋಗಿ ಉಂಡು ಬಾ."

ಪಾಠ ಹೇಳತೊಡಗಿದ ಮೇಲೆ ಅಡಿವೆಪ್ಪ ಕೇರಿಗಳಿಗೆ ಹೋಗುವುದನ್ನೇ ಬಿಟ್ಟಿದ್ದ. ದಿನವೂ ದೇಸಾಯರ ವಾಡೆಯಿಂದ ಬುತ್ತಿ ಬರುತ್ತಿತ್ತು. ಅದರಲ್ಲಿ ತಪ್ಪೇನಿದೆಯೆಂದು ಅವನಿಗೆ ಅನ್ನಿಸಿಯೂ ಇರಲಿಲ್ಲ. ಗುರುವಾರ ಹೊತ್ತು ನೆತ್ತಿಗೇರಿದಾಗ ಅಜ್ಜನನ್ನು ಮನಸ್ಸಿನಲ್ಲೇ ಬೈಯುತ್ತ ಅಂಬಿಗರ ಕೇರಿಗೆ ನಡೆದ.

ಯಂಕವ್ವ ಕಾಲಿಗೆ ನೀರು ಕೊಟ್ಟಳು. ಮಣೆ ಹಾಕಿದಳು. ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು.

"ನಿನ್ನಿ ನನಗ ಬರಾಕ ಆಗಲಿಲ್ರಿ ಮಾಸ್ತರ. ನಿಮ್ಮ ಪರೀಕ್ಷೆ ನೋಡಾಕ ಆಚೀ ದಂಡಿ ಮಂದಿ ಬಂದಿದ್ರಲ್ಲ, ಅವರನ್ನ ದಾಟಿಸೂದ್ರಾಗ ಇಡೀ ದಿನ ಹೋತು. ರಟ್ಟಿ ಬಿದ್ದು ಹೋಗ್ಯಾವ." ಅವಳು ನಕ್ಕಳು. "ನನ್ನ ಮಗಳು ಹೆಂಗ ಹೇಳಿದಳ್ರಿ?"

ತುತ್ತು ಹಿಡಿದ ಅಡಿವೆಪ್ಪನ ಕೈ ಬಾಯಿಯ ಹತ್ತಿರವೇ ನಿಂತಿತು.

"ದಿನಾ ಹೊತ್ತು ಏರೂದ್ರಾಗ ಪಾಟಿ ಹಿಡಕೊಂಡು ಮನಿ ಬಿಡ್ತಾಳ್ರಿ. ಚಲೋ ಹೇಳೇನಿ ಅವ್ವಾ ಅಂದ್ಳು. ಆದ್ರೂ ನಿಮ್ಮ ಬಾಯಿಂದ ಒಮ್ಮೆ ಕೇಳೂಣು ಅಂತ."

ಹಾಗಾದರೆ ಹುಡುಗಿ ಮನೆಯಲ್ಲಿ ಹೇಳಿಯೇ ಇಲ್ಲ. ಹದಿನೈದು ದಿನ ಬರೆಯುವ ಪಾಟಿ ಹಿಡಿದು ಹೊರಟು ಎಲ್ಲೋ ಕೂತು ಸಂಜೆ ಮಾಡಿ ಬಂದಿದ್ದಾಳೆ. ಅಡಿವೆಪ್ಪನಿಗೆ ಇದು ಹೊಳೆಯಿತು. ಹೊಳೆದರೂ ನಾಲಗೆ ತನ್ನ ದಾರಿಯನ್ನೇ ಹಿಡಿಯಿತು.

"ಚಲೋ ಹೇಳಿದಳು," ಅಂದ.

ಯಂಕವ್ವನ ಮುಖ ಅರಳಿತು. ಇನ್ನೊಂದು ರೊಟ್ಟಿ ಹಾಕಿ ಮೇಲೆ ಇಷ್ಟು ದೊಡ್ಡ ಬೆಣ್ಣೆಯ ಉಂಡೆ ಇಟ್ಟಳು. "ನಮ್ಮ ಮನ್ಯಾಗ ಅಕ್ಷರ ಕಲ್ತಾಕಿ ಇಕಿ ಒಬ್ಬಾಕೀನೇ ನೋಡ್ರಿ."

ಒಳಬಾಗಿಲ ಮರೆಯಿಂದ ಹುಲಿಗಿ ಹೊರಗೆ ಬಂದಳು. ಹನ್ನೆರಡು ವರ್ಷದ ಹುಡುಗಿ, ನೇರ ಅವ್ವನ ಎದುರಿಗೆ ಬಂದು ನಿಂತಳು.

"ಅವ್ವಾ, ಅವರು ಸುಳ್ಳು ಹೇಳಾಕತ್ತಾರ. ನಾ ನಿಂತೇ ಇಲ್ಲ. ಹದಿನೈದು ದಿನದ ಹಿಂದೇನೇ ನನ್ನ ಸಾಲಿ ಬಿಡಿಸ್ಯಾರ."

ಆಮೇಲೆ ಅಡಿವೆಪ್ಪನ ಕಡೆ ತಿರುಗಿದಳು.

"ಅವ್ವಗ ಸಂಕಟ ಆಗಬಾರದಂತ ನಾ ಸುಳ್ಳು ಹೇಳಿದ್ನಿ. ನೀವ್ಯಾಕ ಹೇಳಿದ್ರಿ?"

ಅಡಿವೆಪ್ಪ ತಾಟು ಬಿಟ್ಟು ಏಳಲು ಹೋದ.

"ಉಣ್ರಿ!" ಯಂಕವ್ವ ಗುಡುಗಿದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. "ಉಣ್ಣಾಕ ಕುಂತವರನ್ನ ನಡುವ ಎಬ್ಬಿಸಿ ಕಳಿಸೂ ಪದ್ಧತಿ ನಮ್ಮ ಕೇರ್ಯಾಗ ಇಲ್ಲ. ಹೊಟ್ಟಿ ತುಂಬ ಉಂಡು ಹೋಗ್ರಿ."

ಅಡಿವೆಪ್ಪ ಉಂಡ. ತಾಯಿ ಮಗಳು ಇಬ್ಬರೂ ಎದುರಿಗೇ ನಿಂತಿದ್ದರು. ಬೆಣ್ಣೆ ಬಹಳ ಚೆನ್ನಾಗಿತ್ತು, ಅದೇ ಅವನನ್ನು ಹೆಚ್ಚು ಸುಟ್ಟಿತು.

ಮಠಕ್ಕೆ ಬಂದವನೇ ಅಜ್ಜನ ಮುಂದೆ ಕೂಗಾಡಿದ. "ನಿಮಗೆಲ್ಲಾ ಗೊತ್ತಿತ್ತು! ನನ್ನ ಮರ್ಯಾದಿ ಕಳೀಬೇಕಂತ ಅಲ್ಲಿಗೆ ಕಳಿಸಿದ್ರಿ."

"ಉಣ್ಣಾಕ ಕಳಿಸಿದ್ನಿ."

"ಈ ವಯಸ್ಸಿನಾಗ ಒಬ್ಬ ಹುಡುಗಿ ಕಡೆಯಿಂದ ಅನ್ನಿಸಿಕೊಂಡು ಬಂದೆ ನಾ!"

"ಹದಿನೈದು ದಿನ ಅಕಿ ಎಲ್ಲಿ ಕುಂತಿದ್ದಳು? ಕೇಳಿದಿ?"

ಕೇಳಿರಲಿಲ್ಲ.

ಅಜ್ಜ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಶುಕ್ರವಾರ ಬೆಳಿಗ್ಗೆ ಅಡಿವೆಪ್ಪ ಹೊಳೆಗೆ ಹೋದ. ಹುಲಿಗಿ ದೋಣಿಯೊಳಗೆ ನಿಂತ ನೀರನ್ನು ಚೆಂಬಿನಿಂದ ಹೊರಗೆ ಚೆಲ್ಲುತ್ತಿದ್ದಳು. ಅವನನ್ನು ನೋಡಿಯೂ ತಲೆ ಎತ್ತಲಿಲ್ಲ.

"ಇಷ್ಟು ದಿನ ಎಲ್ಲಿ ಕೂಡ್ತಿದ್ದಿ?"

"ಅಲ್ಲೇ, ಜಾಲಿ ಗಿಡದ ಬುಡಕ. ಬಿಸಲಿತ್ತು."

"ನಾಳೆಯಿಂದ ಸಾಲಿಗೆ ಬಾ. ಪದ ಪೂರಾ ಬಂದ ಮ್ಯಾಲೆ ಮುಂದಿನ ವರ್ಷ ನಿನ್ನ ನಿಲ್ಲಿಸ್ತೀನಿ."

"ಬರದಿದ್ರ?"

ಅವನು ಹೊಳೆಯ ಕಡೆ ತಿರುಗಿದ.

"ಹಂಗಾದ್ರ ನಾ ಬರೂದಿಲ್ಲ."

"ಮತ್ತ ನಾ ಏನು ಮಾಡ್ಲಿ, ಅದನ್ನರ ಹೇಳು!"

ಹುಡುಗಿ ಚೆಂಬು ಕೆಳಗಿಟ್ಟಳು. "ಸೋಮವಾರ ನಿಮಗ ಶಾಲು ಹೊದಿಸ್ತಾರಂತ. ಅವತ್ತು ನನ್ನ ನಿಲ್ಲಿಸ್ರಿ, ಎಲ್ಲಾರ ಮುಂದ."

"ಸೋಲ್ತೀ ನೀನು. ಮಂದಿ ನಗ್ತಾರ."

"ಸೋತ್ರ ನಾನೇ ಸೋಲ್ತೀನಿ. ನಾ ಬಾಯಿ ತೆಗೆಯೂದಕ್ಕಿಂತ ಮೊದಲೇ ನೀವು ಸೋತಳು ಅನಬಾರದು." ಅವಳ ದನಿ ಒಡೆಯಿತು, ಆದರೂ ಬಿಡಲಿಲ್ಲ. "ನೀವು ನನ್ನ ಮಗ್ಗಲಾಗ ನಿಂದರಬೇಕು. ಹನ್ನೊಂದು ಮಂದಿ ಮಗ್ಗಲಾಗ ನಿಂತಿದ್ರಲ್ಲ?"

ಶಾಲಿನ ಆಸೆ ಅಡಿವೆಪ್ಪನಿಗೆ ಇನ್ನೂ ಇತ್ತು. ಇಲ್ಲವೆಂದರೆ ಸುಳ್ಳಾದೀತು. ಆದರೂ ಅವನು ಚಪ್ಪಲಿ ದಂಡೆಯಲ್ಲಿ ಬಿಟ್ಟು ದೋಣಿ ಹತ್ತಿ ಕೂತ. "ನಾಕನೇ ಸಾಲಿನಿಂದ ಸುರು ಮಾಡೂಣು," ಅಂದ.

ಮೂರು ದಿನ ಹೇಳಿಕೊಟ್ಟ. ಹುಲಿಗಿ ನಿಜವಾಗಿಯೂ ನಿಧಾನ. ಬೆಳಿಗ್ಗೆ ಬಂದದ್ದು ಮಧ್ಯಾಹ್ನಕ್ಕೆ ಹೋಗಿರುತ್ತಿತ್ತು. ಅಡಿವೆಪ್ಪ ಹಲ್ಲು ಕಡಿದ, ಹಣೆ ಚಚ್ಚಿಕೊಂಡ, ಒಮ್ಮೆಯಂತೂ ದೋಣಿಯಿಂದ ಧುಮುಕಿ ಹೊರಟೇಬಿಟ್ಟ. ಮೊಣಕಾಲು ನೀರಿನಲ್ಲಿ ಸ್ವಲ್ಪ ಹೊತ್ತು ನಿಂತು ತಿರುಗಿ ಬಂದ. ಒಂಬತ್ತನೆಯ ಸಲಕ್ಕೆ ಒಂದು ಸಾಲನ್ನು ಹೇಗೆ ಹೇಳಿಕೊಡಬೇಕೆಂಬುದೇ ಅವನಿಗೆ ತಿಳಿಯದು. ಅದನ್ನು ಅವನು ಅಲ್ಲಿಯೇ, ಬೈಯುತ್ತ ಬೈಯಿಸಿಕೊಳ್ಳುತ್ತ ಕಲಿಯಬೇಕಾಯಿತು.

ಭಾನುವಾರ ಸಂಜೆಗೆ ನಾಲ್ಕನೆಯ ಸಾಲು ನಿಂತಿತು. ಐದನೆಯದು ಇನ್ನೂ ಜಾರುತ್ತಿತ್ತು.

ಸೋಮವಾರ ಅಂಗಳ ತುಂಬಿತ್ತು. ಅಜ್ಜ ಕಂಬಕ್ಕೊರಗಿ ಕಣ್ಣು ಮುಚ್ಚಿ ಕೂತಿದ್ದರು. ದೇಸಾಯರು ಶಾಲು ಹಿಡಿದು ಎದ್ದರು.

"ಇನ್ನೊಂದು ಮಾತು. ಬರೂ ವರ್ಷದಿಂದ ಬಾಗಲದಾಗೇ ನೋಡಿ ಆರಿಸಿ ಒಳಗ ತಗೊಳ್ಳೂಣು. ಎಲ್ಲಾ ಕೇರಿಯವರೂ ಬರ್ಲಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಶಾಣ್ಯಾರಷ್ಟೇ ಬರ್ಲಿ."

ಜನ ತಲೆದೂಗಿದರು. ಆ ಸಾಲಿಗೆ ಕಲ್ಲು ಹೊತ್ತವರೇ ತಲೆದೂಗಿದರು. ನನ್ನ ಮಗನೇನು ದಡ್ಡನೇ, ಶಾಣ್ಯಾ ಎಂದು ಒಬ್ಬೊಬ್ಬರೂ ಒಳಗೊಳಗೇ ಅಂದುಕೊಂಡಿರಬೇಕು.

ಶಾಲು ಹತ್ತಿರ ಬಂತು. ಅಡಿವೆಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ನನ್ನ ಹಂತ್ಯಾಕ ಹನ್ನೆರಡು ಮಂದಿ ಕಲಿಯಾಕ ಬಂದಿದ್ರು," ಅಂದ. "ಹನ್ನೊಂದು ಮಂದಿನ್ನ ತೋರಿಸಿ ಒಬ್ಬಾಕಿನ್ನ ಮುಚ್ಚಿಟ್ಟೆ. ಯಾರೂ ಸೋತಿಲ್ಲ ಅಂದದ್ದು ಸುಳ್ಳು. ಹುಲಿಗಿ, ಬಾ."

ಹುಲಿಗಿ ಬಂದು ನಿಂತಳು. ಅಡಿವೆಪ್ಪ ಅವಳ ಮಗ್ಗುಲಿಗೆ ನಿಂತ.

ಮೊದಲ ಸಾಲು ಬಂತು, ಎರಡು ಬಂತು, ಮೂರು ಬಂತು. ನಾಲ್ಕನೆಯದೂ ಬಂತು. ಬಾಗಿಲ ಹತ್ತಿರ ನಿಂತಿದ್ದ ಯಂಕವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಐದನೆಯ ಸಾಲಿಗೆ ಹುಡುಗಿ ನಿಂತುಬಿಟ್ಟಳು.

ಯಾರೋ ಕಿಸಕ್ಕನೆ ನಕ್ಕರು. ಹುಲಿಗಿ ಮೊದಲಿನಿಂದ ಸುರು ಮಾಡಿದಳು. ಮತ್ತೆ ಅಲ್ಲಿಗೇ ಬಂದು ನಿಂತಳು. ಅಡಿವೆಪ್ಪನ ನಾಲಗೆಯ ತುದಿಯಲ್ಲಿ ಆ ಸಾಲು ಕುಣಿಯುತ್ತಿತ್ತು.

"ಹೇಳಬ್ಯಾಡ್ರಿ," ಅವಳು ಅವನ ಕಡೆ ನೋಡದೆ ಪಿಸುಗುಟ್ಟಿದಳು. ಮೂರನೆಯ ಸಲ ಮೊದಲಿನಿಂದ ಹೊರಟಳು.

ಜನ ಆಕಳಿಸಿದರು, ಧೋತರ ಕೊಡವಿಕೊಂಡರು. ಶಾಣ್ಯಾರ ತಂದೆಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೇಸಾಯರು ಶಾಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. "ಸೋತಳಲ್ಲಾ, ಆತು. ಹೊತ್ತು ಭಾಳ ಆತು, ನಡೀರಿ." ಅವರ ಹಿಂದೆ ಅರ್ಧ ಅಂಗಳ ಎದ್ದಿತು.

ನಿರುಪಾದಜ್ಜ ಕಂಬ ಹಿಡಿದು ಎದ್ದು ನಿಂತರು. ಮುಖ ಕೆಂಡವಾಗಿತ್ತು, ಕೊರಳ ನರ ಉಬ್ಬಿದ್ದವು. ಕೋಲನ್ನು ಕಲ್ಲಿಗೆ ಅಪ್ಪಳಿಸಿದ ಸದ್ದಿಗೆ ಬಾಗಿಲವರೆಗೆ ಹೋದವರೂ ನಿಂತರು.

"ಕೂಡ್ರಿ ದೇಸಾಯ್ರ! ಅಕಿ ಇನ್ನೂ ನಿಂತಾಳ."