ಲಾರಿಗೆ ಬಾರಿಸದ ಬೆಲ್ಲು

ವಾಚು ರಿಪೇರಿಯ ಮರಿಸ್ವಾಮಪ್ಪನ ಸೈಕಲ್ ಬೆಲ್ಲಿಗೆ ಅಂದು ಮೈಯೆಲ್ಲ ಉರಿ. ನಂಬದಿದ್ದರೆ ಬೆಲ್ಲನ್ನೇ ಕೇಳಿ. ಪೇಟೆಯಲ್ಲಿ ಲಾರಿಯೊಂದು ಸೈಕಲ್ಲನ್ನು ಚರಂಡಿಯ ಅಂಚಿಗೆ ಒತ್ತಿದಾಗ ಬೆಲ್ಲು ತುಟಿಪಿಟಕ್ಕೆಂದಿರಲಿಲ್ಲ. ಊರ ಹಾದಿಯ ಹಸಿರು ಕಂಡದ್ದೇ ತಡ, ಅದಕ್ಕೆ ಧೈರ್ಯ ಉಕ್ಕಿತು. ಅಲ್ಲಿ ಕಾಲುದಾರಿಯ ನಡುವೆ ಟಿಟ್ಟಿಭ ಹಕ್ಕಿಯೊಂದು ಬರಿನೆಲದ ಮೇಲೆ ಮೊಟ್ಟೆಗೆ ಕಾವು ಕೊಡುತ್ತ ಕೂತಿತ್ತು.

"ಏಯ್, ಸೈಡ್ ಬಿಡೇ! ದಾರಿ ನಿಮ್ಮಪ್ಪನದಾ?" ಎಂದು ಬೆಲ್ಲು ಅಬ್ಬರಿಸಿತು.

ಹಕ್ಕಿ ರೆಕ್ಕೆ ಬಿಚ್ಚಿ ಚಕ್ರದ ಎದುರಿಗೇ ನುಗ್ಗಿತು. "ಇಲ್ಲಿ ನಾಲ್ಕು ಮೊಟ್ಟೆಯಿದೆ, ಬಿಡೋದಿಲ್ಲ! ಪೇಟೆಯ ಲಾರಿಗೂ ಹೀಗೇ ಕಿರುಚ್ತೀಯೇನಯ್ಯಾ?"

"ಲಾರಿಗೆ ಕಿರುಚೋದಾ? ಅದು ಅರೆದುಹಾಕುತ್ತೆ ಕಣೇ!"

"ನನ್ನ ಪಾಲಿಗೆ ನೀನೇ ಲಾರಿ. ಆದರೂ ಕಿರುಚ್ತಿದ್ದೀನಲ್ಲ!"

ಬೆಲ್ಲಿಗೆ ಸಿಟ್ಟು ಇಮ್ಮಡಿಸಿತು, ಇನ್ನಷ್ಟು ಬಡಿದುಕೊಂಡಿತು. ಮರಿಸ್ವಾಮಪ್ಪ ಬ್ರೇಕು ಹಿಡಿದು ಇಳಿದ. "ಬಾಣಂತಿ ಕೂತಿದ್ದಾಳೆ, ಬಾಯ್ಮುಚ್ಚೋ" ಎಂದು ಬೆಲ್ಲಿನ ಮೇಲೆ ಅಂಗೈ ಒತ್ತಿ, ಸೈಕಲ್ಲನ್ನು ಹುಲ್ಲಿನೊಳಗೆ ಬಳಸಿ ತಳ್ಳಿಕೊಂಡು ಹೋದ. ಅಂಗೈ ಕೆಳಗೆ ಬೆಲ್ಲು ಕುದಿಯುತ್ತಲೇ ಇತ್ತು. ಹೊರಗೆ ಕೇಳಿಸಿದ್ದು ಬರೀ 'ಟಕ್, ಟಕ್'.